ಸಬ್ಸಿಡಿ ಆಮೇಲೆ, ಮೊದಲು ರೊಟ್ಟಿ ಲೆಕ್ಕ

ಬಾಗಲಕೋಟೆ ಜಿಲ್ಲೆಯಲ್ಲಿ ರೊಟ್ಟಿ, ಚಟ್ನಿ, ಬೆಲ್ಲ, ಉಪ್ಪಿನಕಾಯಿ ಮಾಡುವವರ ಜೊತೆ ಕೂತು ಯೋಜನಾ ವರದಿ ಮತ್ತು ಸಬ್ಸಿಡಿ ಅರ್ಜಿ ಮಾಡಿಸುವುದು ನನ್ನ ಕೆಲಸ. ಸಣ್ಣ ಆಹಾರ ತಯಾರಿಕಾ ಘಟಕಗಳಿಗೆ ನೆರವು ಕೊಡುವ ಕೇಂದ್ರದ ಪಿಎಂಎಫ್‌ಎಂಇ ಸ್ಕೀಮ್ 2020ರಲ್ಲಿ ಶುರುವಾಯಿತು. ಅದರಲ್ಲಿ ನಮಗೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಹೆಸರು. ಊರುಗಳಲ್ಲಿ ಮಾತ್ರ ನಾನು "ಸಬ್ಸಿಡಿ ಸರ್".

ಫೋನ್ ಬಂದರೆ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಸರ್ರ, ಎಷ್ಟ್ ಬಿಡ್ತಾರ್ರಿ?"

ಉತ್ತರ ಸುಲಭ. ಯೋಜನಾ ವೆಚ್ಚದ ಶೇ. 35ರಷ್ಟು, ಹೆಚ್ಚೆಂದರೆ 10 ಲಕ್ಷ. ಅದರ ಮೇಲೆ ನಮ್ಮ ರಾಜ್ಯ ಸರ್ಕಾರ ಶೇ. 15 ಸೇರಿಸಿ ಅರ್ಧಕ್ಕೆ ತಂದಿದೆ, ಮಿತಿ 15 ಲಕ್ಷ. ನಿಮ್ಮ ಕೈಯಿಂದ ಕನಿಷ್ಠ ಶೇ. 10 ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ಇಷ್ಟು ಹೇಳಿ ನಾನೊಂದು ಪ್ರಶ್ನೆ ಕೇಳುತ್ತೇನೆ. ಹೋದ ವಾರ ಎಷ್ಟು ಮಾರಿದಿರಿ, ಎಷ್ಟು ಉಳಿಯಿತು? ಆಗ ಆ ಕಡೆ ಸುಮ್ನಾಗಿಬಿಡುತ್ತಾರೆ. "ಉಳಿತೈತ್ರಿ, ಲಾಭ ಐತ್ರಿ" ಅನ್ನುತ್ತಾರೆ, ಅಂಕಿ ಬರುವುದಿಲ್ಲ.

ಅದಕ್ಕೇ ನನ್ನದೊಂದು ಹಟ. ಲ್ಯಾಪ್‌ಟಾಪ್ ತೆಗೆಯುವ ಮೊದಲು ಅವರು ಒಂದು ತಿಂಗಳು ನೋಟ್‌ಬುಕ್ ಬರೆಯಬೇಕು. ತಂದದ್ದು ಒಂದು ಕಡೆ, ಮಾರಿದ್ದು ಇನ್ನೊಂದು ಕಡೆ. ಬರೆಯಲು ಬರದಿದ್ದರೆ ಶಾಲೆಗೆ ಹೋಗುವ ಮಗಳು ಬರೆಯುತ್ತಾಳೆ, ಏನೂ ತೊಂದರೆ ಇಲ್ಲ. ಇದಕ್ಕೆ ಬೇಜಾರು ಮಾಡಿಕೊಂಡು ಝೆರಾಕ್ಸ್ ಅಂಗಡಿಗೆ ಹೋಗಿ ರೆಡಿಮೇಡ್ ರಿಪೋರ್ಟ್ ಮಾಡಿಸಿದವರೂ ಇದ್ದಾರೆ. ಹೋಗಲಿ ಬಿಡಿ.

ಹುನಗುಂದ ಕಡೆಯ ಒಬ್ಬ ಅಕ್ಕನ ಲೆಕ್ಕ ಹೇಳುತ್ತೇನೆ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡುತ್ತಿದ್ದರು. ರುಚಿ ಬಗ್ಗೆ ಮಾತಿಲ್ಲ. ಅವರಿಗೆ ಬೇಕಿದ್ದದ್ದು ದೊಡ್ಡ ರೊಟ್ಟಿ ಮಷಿನ್, ಅದಕ್ಕೆ ಸಾಲ. ಅಡುಗೆಮನೆಯಲ್ಲೇ ತಕ್ಕಡಿ ಇಟ್ಟುಕೊಂಡು ಕೂತೆವು. ಜೋಳ, ಬೀಸಿದ್ದು, ಗ್ಯಾಸ್, ಕವರ್ ಎಲ್ಲ ಸೇರಿಸಿದರೆ ಒಂದು ರೊಟ್ಟಿಗೆ ಸುಮಾರು 4 ರೂಪಾಯಿ. ಮಾರುವುದು 8ಕ್ಕೆ. "ನಾಕ್ ರೂಪಾಯಿ ಲಾಭ ಆತಲ್ರೀ ಸರ್ರ" ಅಂದರು. ಸರಿ, ಬಡಿಯುವವರು ಯಾರು? "ನಾನು, ನಮ್ ಸೊಸಿ." ಅವರ ಪಗಾರ? ನಕ್ಕರು. ಮನೆಯವರಿಗೆ ಯಾರು ಪಗಾರ ಕೊಡ್ತಾರ್ರಿ ಅಂತ.

ಇಲ್ಲೇ ನೋಡಿ ಎಲ್ಲಾ ಇರುವುದು. ನೂರು ರೊಟ್ಟಿ ಬಡಿಯಲು ಒಬ್ಬರ ಒಂದು ದಿನ ಹೋಗುತ್ತದೆ ಅಂದುಕೊಳ್ಳಿ, ಹೊಲಕ್ಕೆ ಹೋದರೆ ಅದೇ ದಿನಕ್ಕೆ 300 ರೂಪಾಯಿ ಸಿಗುತ್ತಿತ್ತು. ನೂರರಲ್ಲಿ ಹತ್ತು ಒಡೆಯುತ್ತವೆ, ಅವನ್ನು ಮನೆಯವರೇ ತಿನ್ನುತ್ತಾರೆ, ಯಾರೂ ಬರೆದಿಡುವುದಿಲ್ಲ. ತೊಂಬತ್ತು ರೊಟ್ಟಿಗೆ 720 ಬಂತು. ಸಾಮಾನಿಗೆ 400, ಕೂಲಿಗೆ 300 ಹೋಯಿತು. ಉಳಿದದ್ದು 20 ರೂಪಾಯಿ. ನೂರು ರೊಟ್ಟಿಗೆ ಇಪ್ಪತ್ತು! ಅಕ್ಕ ಆ ಹಾಳೆಯನ್ನು ಎರಡೆರಡು ಸಲ ನೋಡಿದರು. ಸೊಸೆ ಮಾತ್ರ, "ನಾ ಮೊದಲ ಹೇಳಿದ್ನೆಲ್ರೀ ಅತ್ತಿ" ಅಂದಳು.

ಚಟ್ನಿ ಲೆಕ್ಕ ಬೇರೆಯೇ ಬಂತು. ಕೆಲಸ ಕಡಿಮೆ, ಒಡೆಯುವ ಮಾತಿಲ್ಲ, ಬೆಂಗಳೂರಿಗೆ ಬಸ್ ಪಾರ್ಸೆಲ್‌ನಲ್ಲಿ ಹೋದರೂ ಚಟ್ನಿಪುಡಿ ಪುಡಿಯಾಗಿಯೇ ತಲುಪುತ್ತದೆ. ಇಷ್ಟು ವರ್ಷ ರೊಟ್ಟಿಯನ್ನು ಸಾಕಿದ್ದು ಚಟ್ನಿಯೇ ಅಂತ ಅವತ್ತು ಗೊತ್ತಾಯಿತು. ಹಾಗಂತ ರೊಟ್ಟಿ ಬಿಡಿ ಅನ್ನಲಿಲ್ಲ. ರೊಟ್ಟಿ ತಗೊಳ್ಳಲು ಬಂದವರೇ ತಾನೇ ಚಟ್ನಿ ಒಯ್ಯುವುದು? ಆದರೆ ಸಾಲ ಯಾವುದಕ್ಕೆ ತೆಗೆಯಬೇಕು ಅನ್ನುವುದು ಬದಲಾಯಿತು.

ಇನ್ನು ಕಂತು. 5 ಲಕ್ಷ ಸಾಲ, ಶೇ. 11 ಬಡ್ಡಿ, 5 ವರ್ಷ ಅಂದರೆ ತಿಂಗಳಿಗೆ 11 ಸಾವಿರದ ಹತ್ತಿರ. ಇದನ್ನು ನಾನು ರೂಪಾಯಿಯಲ್ಲಿ ಹೇಳುವುದಿಲ್ಲ, ರೊಟ್ಟಿಯಲ್ಲಿ ಹೇಳುತ್ತೇನೆ. ಮಷಿನ್ ಬಂದ ಮೇಲೆ ರೊಟ್ಟಿಗೆ ಒಂದು ರೂಪಾಯಿ ಉಳಿದರೂ, ಬರೀ ಕಂತಿಗೆ ತಿಂಗಳಿಗೆ 11 ಸಾವಿರ ರೊಟ್ಟಿ ಮಾರಬೇಕು. ತಿಂಗಳಿಗೆ 26 ದಿನ ಕೆಲಸ ಅಂದರೂ ದಿನಕ್ಕೆ 400ಕ್ಕಿಂತ ಜಾಸ್ತಿ. ಯಾರು ಕೊಳ್ಳುತ್ತಾರೆ ಅಷ್ಟು? ಬಾದಾಮಿ ಬನಶಂಕರಿ ಗುಡಿ ಹತ್ತಿರ ಬುಟ್ಟಿ ಹೊತ್ತು ರೊಟ್ಟಿ, ಮೊಸರು, ಕಾಳುಪಲ್ಯ ಮಾರುವ ಹೆಣ್ಣುಮಕ್ಕಳನ್ನು ನೋಡಿದ್ದೀರಲ್ವಾ? ಯಾವ ದಿನ ಎಷ್ಟು ಹೋಗುತ್ತದೆ ಅಂತ ಅವರಿಗೆ ಬಾಯಿಪಾಠ. ಜಾತ್ರೆಯಲ್ಲಿ ಎಷ್ಟು, ಹುಣ್ಣಿಮೆಗೆ ಎಷ್ಟು, ಸುಮ್ನೆ ಒಂದು ಮಂಗಳವಾರ ಎಷ್ಟು, ಎಲ್ಲಾ. ಅದೇ ನಿಜವಾದ ಮಾರಾಟ ಅಂದಾಜು. ಅದನ್ನು ಕೇಳಿ ಬರೆದುಕೊಳ್ಳುವುದಷ್ಟೇ ನಮ್ಮ ಕೆಲಸ. ಆದರೆ ನಮ್ಮ ರಿಪೋರ್ಟ್‌ಗಳಲ್ಲಿ ಮೊದಲ ವರ್ಷ ಮಷಿನ್ ಸಾಮರ್ಥ್ಯದ ಶೇ. 60, ಎರಡನೇ ವರ್ಷ 70, ಮೂರನೇ ವರ್ಷ 80 ಅಂತ ಯಾರೋ ಯಾವತ್ತೋ ಟೈಪ್ ಮಾಡಿದ್ದು ಹಾಗೇ ಇಳಿದು ಬರುತ್ತಿದೆ.

ಮಷಿನ್ ಬಗ್ಗೆ ಒಂದು ಮಾತು. ಡೀಲರ್ ತೋರಿಸುವ ವಿಡಿಯೋ ನಂಬಬೇಡಿ. ಗೋಧಿ ಹಿಟ್ಟಿಗೆ ಜಿಗಿ ಇರುತ್ತದೆ, ಚಪಾತಿ ಮಷಿನ್ ಚೆಂದ ಓಡುತ್ತದೆ. ಜೋಳದಲ್ಲಿ ಆ ಅಂಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಅಂಚು ಒಡೆಯದೆ ಬರುತ್ತದೆ, ಅದರಲ್ಲೂ ಹಳೇ ಹಿಟ್ಟಾದರೆ ಕಷ್ಟ. ಅದಕ್ಕೆ ನಿಮ್ಮ ಊರ ಜೋಳದ ಹಿಟ್ಟು ಚೀಲದಲ್ಲಿ ಕಟ್ಟಿಕೊಂಡು ಹೋಗಿ, ಅವರ ಮುಂದೆಯೇ ಓಡಿಸಿ ನೋಡಿ, ಆಮೇಲೆ ಕೊಟೇಶನ್ ತಗೊಳ್ಳಿ ಅನ್ನುತ್ತೇನೆ. ಕರೆಂಟೂ ಅಷ್ಟೇ. ಮೂರು ಫೇಸ್ ಮಷಿನ್‌ಗೆ ಹೆಸ್ಕಾಂನಿಂದ ಬೇರೆ ಸಂಪರ್ಕ ಬೇಕು, ಕಂಬ ದೂರ ಇದ್ದರೆ ಖರ್ಚು ಬೇರೆ. ರಿಪೋರ್ಟ್‌ನಲ್ಲಿ ಆ ಸಾಲೇ ಇರುವುದಿಲ್ಲ. ಕೊನೆಗೆ ಆ ಅಕ್ಕ ರೊಟ್ಟಿ ಮಷಿನ್ ಆಸೆ ಮುಂದಕ್ಕೆ ಹಾಕಿದರು. ಶೇಂಗಾ ಹುರಿಯುವುದು, ಚಟ್ನಿ ಕುಟ್ಟುವುದು, ಪ್ಯಾಕ್ ಮಾಡುವುದು, ಇಷ್ಟಕ್ಕೆ ಯೋಜನೆ ಚಿಕ್ಕದಾಯಿತು.

ಬೆಲ್ಲದ ಗಾಣದವರ ಕಥೆ ಬೇರೆ. ಮುಧೋಳ, ಮಹಾಲಿಂಗಪುರ ಕಡೆಯವರು ಲೆಕ್ಕದಲ್ಲಿ ಗಟ್ಟಿ, ಅವರಿಗೆ ನಾನು ಹೇಳಿಕೊಡುವುದು ಕಡಿಮೆ. ಒಂದು ಟನ್ ಕಬ್ಬಿಗೆ 100ರಿಂದ 120 ಕೆಜಿ ಬೆಲ್ಲ. ಕಬ್ಬು ಟನ್‌ಗೆ 3000 ಅಂದರೆ ಬೆಲ್ಲಕ್ಕೆ ಕೆಜಿಗೆ 25ರಿಂದ 30 ರೂಪಾಯಿ ಕಬ್ಬಿಗೇ ಹೋಯಿತು, ಇನ್ನು ಕೊಪ್ಪರಿಗೆ ಮುಂದೆ ನಿಲ್ಲುವ ಆಳುಗಳ ಕೂಲಿ ಬೇರೆ. ಇದೆಲ್ಲ ಅವರಿಗೇ ಗೊತ್ತು. ಸಮಸ್ಯೆ ಇರುವುದು ರೆಡಿಮೇಡ್ ರಿಪೋರ್ಟ್‌ನಲ್ಲಿ. "ವರ್ಷಕ್ಕೆ 300 ದಿನ ಕೆಲಸ" ಅಂತ ಬರೆದಿರುತ್ತದೆ! ದೀಪಾವಳಿ ಹೊತ್ತಿಗೆ ಹತ್ತಿಸಿದ ಒಲೆ ಯುಗಾದಿ ಹೊತ್ತಿಗೆ ಆರುತ್ತದೆ ಅಂತ ಈ ಕಡೆಯ ಯಾವ ಬ್ಯಾಂಕ್ ಮ್ಯಾನೇಜರ್‌ಗೆ ಗೊತ್ತಿಲ್ಲ? ಆ ಒಂದು ಸಾಲು ನೋಡಿದ ಕೂಡಲೇ ಉಳಿದ ಹಾಳೆ ಓದುವುದೇ ಇಲ್ಲ. ನಾನು ಕೆಲಸದ ದಿನ ಅರ್ಧಕ್ಕೆ ಇಳಿಸಿ, ಬೆಲ್ಲ ಮಾಡುವ ತಿಂಗಳು, ಮಾರುವ ತಿಂಗಳು, ದುಡ್ಡು ಬರುವ ತಿಂಗಳು ಅಂತ ಮೂರು ಸಾಲು ಬೇರೆ ಬೇರೆ ಬರೆಸುತ್ತೇನೆ. ಕಂತೂ ಅದಕ್ಕೆ ಹೊಂದಿಕೊಂಡಿರಲಿ ಅಂತ ಬ್ಯಾಂಕಿಗೆ ಕೇಳಬಹುದು. ಕೇಳಿದರೆ ಕೆಲವರು ಒಪ್ಪುತ್ತಾರೆ.

ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ನಿಂಬೆಯಲ್ಲೂ ಇದೇ ಹಣೆಬರಹ. ಈ ಸ್ಕೀಮ್‌ನ "ಒಂದು ಜಿಲ್ಲೆ ಒಂದು ಉತ್ಪನ್ನ" ಪಟ್ಟಿಯಲ್ಲಿ ನಮಗೆ ಉಳ್ಳಾಗಡ್ಡಿ, ಬೆಳಗಾವಿಗೆ ಬೆಲ್ಲ, ವಿಜಯಪುರಕ್ಕೆ ನಿಂಬೆ ಬಂದಿದೆ. ನಿಂಬೆ ಬೇಸಿಗೆಯಲ್ಲಿ ತುಟ್ಟಿ, ಮಳೆಗಾಲದಲ್ಲಿ ಕೇಳುವವರಿಲ್ಲ. ಉಪ್ಪಿನಕಾಯಿ ಮಾಡುವವರು ಅಗ್ಗ ಇದ್ದಾಗ ಕೊಂಡು ಉಪ್ಪಿನಲ್ಲಿ ಹಾಕಿಡಬೇಕು. ಆ ದುಡ್ಡು ತಿಂಗಳುಗಟ್ಟಲೆ ಡ್ರಮ್‌ನಲ್ಲಿ ಕೂತಿರುತ್ತದೆ. ಮಷಿನ್‌ಗೆ ಸಬ್ಸಿಡಿ ಇದೆ, ಈ ದುಡಿಯುವ ಬಂಡವಾಳಕ್ಕೆ ಇಲ್ಲ. ಸಂಘದ ಹೆಣ್ಣುಮಕ್ಕಳಿಗೆ ತಲಾ 40,000ವರೆಗೆ ಬೀಜ ಬಂಡವಾಳ ಸಿಗುತ್ತದೆ, ಅದನ್ನು ಕೇಳುವವರೇ ಕಡಿಮೆ, ಎಲ್ಲರಿಗೂ ಮಷಿನ್ ಬೇಕು. ಕಟ್ಟಡ ಕಟ್ಟುವ ಆಸೆಯೂ ಜಾಸ್ತಿ. ಕಟ್ಟಡದ ಕೆಲಸ ಲೆಕ್ಕಕ್ಕೆ ಬರುವುದು ಯೋಜನೆಯ ಶೇ. 30ರ ಒಳಗೆ ಮಾತ್ರ, ಜಾಗದ ಬೆಲೆ ಬರುವುದೇ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಕಾಗದ ಪತ್ರ ಬೇಸರದ ವಿಷಯ, ಬೇಗ ಮುಗಿಸುತ್ತೇನೆ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಪುಕ್ಕಟೆ, ಯಾರಿಗೂ ದುಡ್ಡು ಕೊಡಬೇಡಿ. ಸಣ್ಣ ವ್ಯಾಪಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ಸಣ್ಣ ನೋಂದಣಿ ಸಾಕು. ಜಾಗದ ಉತಾರ, ಅಂದರೆ ದಾಖಲೆ ಪತ್ರ, ಮಾವನ ಹೆಸರಲ್ಲಿ ಇರುತ್ತದೆ, ಅರ್ಜಿ ಸೊಸೆಯದು. ಹಾಗಿದ್ದರೆ ಮಾವನಿಂದ ಬಾಂಡ್ ಪೇಪರ್ ಮೇಲೆ ಸಮ್ಮತಿ ಪತ್ರ ಬರೆಸಿ. ಹೆಸರಿನ ಗೋಳು ಇದಕ್ಕಿಂತ ದೊಡ್ಡದು. ಆಧಾರ್‌ನಲ್ಲಿ ನೀಲವ್ವ, ಪ್ಯಾನ್‌ನಲ್ಲಿ ನೀಲಮ್ಮ, ಪಾಸ್‌ಬುಕ್‌ನಲ್ಲಿ ಅಡ್ಡಹೆಸರು ಮೊದಲು. ಇದನ್ನು ಸರಿ ಮಾಡಿಸದೆ ಆನ್‌ಲೈನ್ ಅರ್ಜಿ ಮುಟ್ಟಬೇಡಿ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ ಅನ್ನುವುದೂ ನೆನಪಿರಲಿ. ಗಂಡ, ಹೆಂಡತಿ, ಮಕ್ಕಳು ಎಲ್ಲಾ ಒಂದೇ ಲೆಕ್ಕ.

ಸಿಬಿಲ್, ಅಂದರೆ ಹಳೆ ಸಾಲಗಳ ದಾಖಲೆ, ಮಾತ್ರ ಮೊದಲ ದಿನವೇ ನೋಡುತ್ತೇನೆ. ವರ್ಷಕ್ಕೆ ಒಂದು ಸಲ ಪುಕ್ಕಟೆ ರಿಪೋರ್ಟ್ ಸಿಗುತ್ತದೆ. ಸಂಘದ ಸಾಲ, ಮೈಕ್ರೋ ಫೈನಾನ್ಸ್ ವಾರದ ಕಂತು, ಯಾರಿಗೋ ಹಾಕಿದ ಜಾಮೀನು ಎಲ್ಲಾ ಅಲ್ಲಿ ಹೊರಗೆ ಬರುತ್ತದೆ. ಹೆಣ್ಣುಮಕ್ಕಳು ಇದನ್ನು ಗಂಡನ ಮುಂದೆ ಹೇಳಲು ಹಿಂಜರಿಯುತ್ತಾರೆ, ಅದಕ್ಕೇ ಒಬ್ಬರೇ ಇದ್ದಾಗ ಕೇಳುವುದು ಒಳ್ಳೆಯದು.

ಇಷ್ಟಾದ ಮೇಲೆ ಬ್ಯಾಂಕಿಗೆ ಹೋಗುವ ಹಿಂದಿನ ದಿನ ನಮ್ಮದೊಂದು ನಾಟಕ. ನಾನೇ ಮ್ಯಾನೇಜರ್. ಕುರ್ಚಿ ಮೇಲೆ ಕೂತು, ಫೋನ್ ನೋಡುತ್ತಾ, ಮುಖ ಎತ್ತದೆ ಕೇಳುತ್ತೇನೆ. "ಏನ್ರೀ ನಿಮ್ಮ ಬಿಸಿನೆಸ್ಸು? ಕಂತು ಎಲ್ಲಿಂದ ಕಟ್ತೀರಿ? ಶೇಂಗಾ ರೇಟು ಏರಿದ್ರ?" ಮೊದಲ ಸಲ ಎಲ್ಲರೂ ನನ್ನ ಮುಖ ನೋಡುತ್ತಾರೆ, ಸರ್ ಹೇಳಲಿ ಅಂತ. ನಾನು ಹೇಳುವುದಿಲ್ಲ. ರಿಪೋರ್ಟ್ ಎಷ್ಟೇ ಚೆಂದ ಇರಲಿ, ಸಾಲ ಕೊಡುವವನು ನೋಡುವುದು ಎದುರಿಗೆ ಕೂತ ಮನುಷ್ಯನನ್ನು. ಬ್ಯಾಂಕಿನವರು ಒಂದು ಲೆಕ್ಕ ಹಾಕುತ್ತಾರೆ, ಡಿಎಸ್‌ಸಿಆರ್ ಅಂತ. ವರ್ಷಕ್ಕೆ ಬಡ್ಡಿ ಸೇರಿ 1 ಲಕ್ಷ 32 ಸಾವಿರ ಕಟ್ಟಬೇಕಿದ್ದರೆ, ಕೈಯಲ್ಲಿ ಸುಮಾರು 2 ಲಕ್ಷ ಉಳಿಯುವಂತಿರಬೇಕು, ಅಂದರೆ ಒಂದೂವರೆ ಪಟ್ಟು. ಇದನ್ನು ಇಂಗ್ಲಿಷ್ ಹೆಸರಿಲ್ಲದೆ ಹೇಳಿಕೊಟ್ಟೆ. ಆ ಹುನಗುಂದದ ಅಕ್ಕ ಮ್ಯಾನೇಜರ್ ಮುಂದೆ ಹೇಳಿದ್ದು ಇಷ್ಟೇ. "ಕಂತು ಹನ್ನೊಂದ್ ಇದ್ರ ನಮಗ ಹದಿನಾರ ಸಾವಿರ ಉಳಿತೈತ್ರಿ, ಮಳಿಗಾಲದಾಗ ಕಡಿಮಿ, ಜಾತ್ರಿ ಟೈಮಿನ್ಯಾಗ ಜಾಸ್ತಿ." ಜೊತೆಗೆ ಆ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ಮ್ಯಾನೇಜರ್ ನಾನು ಮಾಡಿದ ರಿಪೋರ್ಟ್ ಪಕ್ಕಕ್ಕಿಟ್ಟು ನೋಟ್‌ಬುಕ್ ತಿರುವಿದರು. ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತಲೇ ಇಟ್ಟುಕೊಳ್ಳಿ.

ನನ್ನ ದುಡ್ಡಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಸಾಲ ಮಂಜೂರಾದ ಒಂದೊಂದು ಅರ್ಜಿಗೆ ಸರ್ಕಾರ ನಮಗೆ 20,000 ರೂಪಾಯಿ ಕೊಡುತ್ತದೆ. ಅರ್ಧ ಮಂಜೂರಾದಾಗ, ಇನ್ನರ್ಧ ನೋಂದಣಿ, ತರಬೇತಿ ಎಲ್ಲ ಮುಗಿದ ಮೇಲೆ. ಅಂದರೆ ಅರ್ಜಿದಾರರು ನಮಗೆ ಒಂದು ರೂಪಾಯಿ ಕೊಡಬೇಕಾಗಿಲ್ಲ. "ಹತ್ತು ಪರ್ಸೆಂಟ್ ಕೊಡಿ, ಪಾಸ್ ಮಾಡಿಸ್ತೀನಿ" ಅನ್ನುವವರು ಬಂದರೆ ಬಾಗಿಲು ಹಾಕಿಕೊಳ್ಳಿ. ಮಂಜೂರಾದರೆ ಮಾತ್ರ ದುಡ್ಡು ಅನ್ನುವ ಈ ಪದ್ಧತಿ ನನಗೇನೂ ಇಷ್ಟವಿಲ್ಲ. ಈ ಸಾಲ ಬೇಡ ಅಂತ ಹೇಳಿದ ದಿನ ನನ್ನ ಜೇಬಿಗೇ ಖೋತಾ, ಅಲ್ವಾ? ಆದರೂ ಹೇಳಬೇಕಾಗುತ್ತದೆ. ಸಬ್ಸಿಡಿಯನ್ನು ಸೊನ್ನೆ ಅಂತ ಹಾಕಿ ಲೆಕ್ಕ ಮಾಡಿ ನೋಡುತ್ತೇನೆ, ಕಂತು ಕಟ್ಟಲು ಆಗುವುದಿಲ್ಲ ಅಂತ ಬಂದರೆ ಮುಂದೆ ಹೋಗುವುದಿಲ್ಲ. ಜಗಳ ಆಡಿ ಬೇರೆಯವರ ಹತ್ತಿರ ಹೋದವರೂ ಇದ್ದಾರೆ.

ಸೊನ್ನೆ ಹಾಕುವುದಕ್ಕೆ ಕಾರಣ ಇದೆ. ಸಬ್ಸಿಡಿ ದುಡ್ಡು ಕೈಗೆ ಬರುವುದಿಲ್ಲ. ಬ್ಯಾಂಕಿಗೆ ಬಂದು ನಿಮ್ಮ ಹೆಸರಲ್ಲಿ ಬೇರೆ ಕಡೆ ಮೂರು ವರ್ಷ ಕೂತಿರುತ್ತದೆ. ಅಷ್ಟು ಭಾಗದ ಸಾಲಕ್ಕೆ ಬಡ್ಡಿ ಹಾಕುವುದಿಲ್ಲ, ಅದು ನಿಜ. ಆದರೆ ಮೂರು ವರ್ಷ ಘಟಕ ಓಡಬೇಕು, ಸಾಲ ಸರಿಯಾಗಿರಬೇಕು, ಆಗಲೇ ಅದು ಸಾಲಕ್ಕೆ ಜಮಾ. ಇದು ಗೊತ್ತಿಲ್ಲದೆ, ಸಬ್ಸಿಡಿ ಬಂದ ಮೇಲೆ ಮಗಳ ಮದುವೆ ಮಾಡೋಣ ಅಂತ ಕೂತವರನ್ನು ನೋಡಿದ್ದೇನೆ. ಈ ಮೂರು ವರ್ಷ ಮಷಿನ್ ಬಿಲ್ಲು, ಕರೆಂಟ್ ಬಿಲ್ಲು, ಮಾರಾಟದ ರಸೀದಿ ಒಂದೇ ಫೈಲ್‌ನಲ್ಲಿ ಇಡಿ, ನೋಟ್‌ಬುಕ್ ಬರೆಯುವುದನ್ನು ನಿಲ್ಲಿಸಬೇಡಿ. ಮುಂದೆ ರೊಟ್ಟಿ ಮಷಿನ್‌ಗೆ ಎರಡನೇ ಸಾಲ ಕೇಳಲು ಹೋದಾಗ ಮೊದಲು ಕೇಳುವುದು ಅವನ್ನೇ.