ತುಂತುಣಿ ಲೆಕ್ಕದಾಗ ಬೇಸ್ ಕಲಿಸಿದ್ದು: ನಮ್ಮ ಕ್ವಾಯರ್ ಕಟ್ಟಿದ ಅನುಭವ

2017ರ ಆಗಸ್ಟ್‌ನಾಗ ಬಾಗಲಕೋಟಿ ನವನಗರದಾಗ ನಮ್ಮ ಚರ್ಚಿನ ಕ್ವಾಯರ್, ಅಂದ್ರ ಆರಾಧನ್ಯಾಗ ಕೂಡಿ ಹಾಡೂ ಗುಂಪು, ಶುರು ಆತು. ಏಳು ಮಂದಿ, ಒಂದು ಹಾರ್ಮೋನಿಯಂ, ಅದರಾಗೂ ಎರಡು ಪಟ್ಟಿ ಒತ್ತಿದ್ರ ಮ್ಯಾಲೆ ಏಳ್ತಿದ್ದಿಲ್ಲ. ನನ್ನ ಯಾರೂ ಲೀಡರ್ ಅಂತ ಆರಿಸಿದ್ದಲ್ಲ, ಪೆಟ್ಟಿಗಿ ನಮ್ಮ ಮನ್ಯಾಗಿತ್ತು ಅಷ್ಟ.

ತಪ್ಪು ಮಾಡಿದ್ದು ಮೊದಲ ವಾರದಾಗ. ನಾನು ಹುಬ್ಬಳ್ಯಾಗ ಓದೂಮುಂದ ನಾಲ್ಕು ಪಾರ್ಟಿನ ಕ್ವಾಯರ್‌ನಾಗ ಹಾಡಿದಾಂವ, ಅದ ಹುರುಪಿನಾಗ ಸೊಪ್ರಾನೋ (ಹೆಣ್ಣುಮಕ್ಕಳ ಮ್ಯಾಲಿನ ದನಿ, ಮೂಲ ಧಾಟಿ ಇದರಾಗ), ಆಲ್ಟೋ (ಹೆಣ್ಣುಮಕ್ಕಳ ಕೆಳಗಿನ ದನಿ), ಟೆನರ್ (ಗಂಡಸರ ಮ್ಯಾಲಿನ ದನಿ), ಬೇಸ್ (ಗಂಡಸರ ಕೆಳಗಿನ ದನಿ) ಎಲ್ಲಾ ಝೆರಾಕ್ಸ್ ಮಾಡಿಸಿ ಹಂಚಿಬಿಟ್ಟೆ. ಎರಡು ಸಾಲು ಹಾಡೂದ್ರಾಗ ಎಲ್ಲಾರೂ ಸೊಪ್ರಾನೋಕ್ಕ ಬಂದು ಕೂಡ್ತಿದ್ರು. ತಿಂಗಳಾನುಗಟ್ಲೆ ಒದ್ದಾಡಿ ಒಂದು ಭಾನುವಾರ ತಪ್ಪಿಲ್ಲದ ಹಾಡಿದ್ವಿ ನೋಡ್ರಿ, ಆರಾಧನಿ ಮುಗದ ಮ್ಯಾಲೆ ಒಬ್ರು ಹಿರಿಯರು ಬಂದು "ತಮ್ಮಾ, ಇವತ್ತ ಪ್ರಾಕ್ಟೀಸ್ ಆಗಿರಲಿಲ್ಲೇನು, ಒಬ್ಬೊಬ್ರು ಒಂದೊಂದು ಹಾಡಿದ್ರಲ್ಲ" ಅಂದ್ರು. ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಮಂದಿ ಕಿವಿ ಭಜನಿ ಕೇಳಿ ಬೆಳದದ್ದು, ಹತ್ತು ಮಂದಿ ಕೂಡಿದ್ರೂ ಹಾಡು ಒಂದ.

ದಾರಿ ಸಿಕ್ಕಿದ್ದು ಗೀಗೀ ಪದದಿಂದ. ನಮ್ಮ ಒಬ್ಬ ಹುಡುಗನ ಸೋದರಮಾವ ಗೀಗೀ ಮೇಳದಾಗ ತುಂತುಣಿ, ಅಂದ್ರ ಒಂದ ಸ್ವರ ಹಿಡಿದು ಮೀಟೂ ಒಂಟಿ ತಂತಿ ವಾದ್ಯ, ಬಾರಸ್ತಿದ್ರಂತ. ನಾನು ಆ ಹುಡುಗಗ ಹೇಳಿದೆ, ನೀ ಹಾಡಬ್ಯಾಡ, ನೀ ತುಂತುಣಿ, ಮಂದಿ ಏನರ ಹಾಡ್ಲಿ ನೀ 'ಸ' ಬಿಡಬ್ಯಾಡ. ಒಂದು ತಿಂಗಳು ಬರೇ 'ಸ'. ಆಮ್ಯಾಲೆ ಅವಂಗ ತಾನ ತಿಳೀತು, ಧಾಟಿ 'ರಿ' ಮ್ಯಾಲೋ 'ನಿ' ಮ್ಯಾಲೋ ನಿಂತಾಗ ಕೆಳಗಿನ 'ಸ' ಕಚ್ಚತೈತಿ, ಅಲ್ಲಿ 'ಪ'ಕ್ಕ ಹೋದ್ರ ಹಗುರ ಆಗ್ತೈತಿ ಅಂತ. ಕಾಗದ ನೋಡಿ ಬಾರದ ಬೇಸ್ ಹಿಂಗ ಕಿವಿಯಿಂದ ಬಂತು. ನನಗ ಕೇಳಿದ್ರ ಹೊಸಾ ಕ್ವಾಯರ್‌ಗೆ ಆರು ತಿಂಗಳು ಕಾಗದಾನ ಕೊಡಬಾರದು.

ಇನ್ನ ಸೂರಿನ, ಅಂದ್ರ ಶ್ರುತಿ ಜಗಳ. ಪುಸ್ತಕದಾಗ ಬಿಳಿ ನಾಲ್ಕು (ಹಾರ್ಮೋನಿಯಂನ ನಾಲ್ಕನೇ ಬಿಳಿ ಪಟ್ಟಿ 'ಸ' ಆಗೂ ಶ್ರುತಿ) ಇದ್ದ ಹಾಡನ್ನ ನಾನು ಬಿಳಿ ಎರಡಕ್ಕ ಇಳಿಸಿದೆ, ಸಪ್ಪಗಾತು ಅಂತ ಕಮಿಟ್ಯಾಗ ಮಾತು ಬಂದ್ವು. ಆದ್ರ ಹಿಂದಿನ ಬೆಂಚಿನ ಗಂಡಸರು ಬಾಯಿ ತಗದು ಹಾಡಾಕ ಶುರು ಮಾಡಿದ್ದು ಆವಾಗ, ಅದಕ್ಕ ನಾನು ಮತ್ತ ಏರಿಸಲಿಲ್ಲ.

ಮಾತಿನ ಕೆಲಸ ಮಾತ್ರ ಪೂರಾ ಗುಳೇದಗುಡ್ಡದ ಅಕ್ಕಾರದು. ಖಣ ನೇಯೋ ಮನಿಯವರು, ಶನಿವಾರ ಸಂಜಿ ಬಸ್ ಹಿಡಿದು ಬರ್ತಾರ. ಜರ್ಮನ್ ಮಾತಾಡೂ ಮಿಶನರಿಗಳ ಬಾಸೆಲ್ ಮಿಶನ್ ಗುಳೇದಗುಡ್ಡಕ್ಕ ಬಂದದ್ದು 1851ರಾಗ, ಅಲ್ಲಿ ಹಳೇ ಮನಿಗೋಳಾಗ ಜರ್ಮನ್ ಧಾಟಿಗೆ ಕನ್ನಡ ಮಾತು ಹೆಂಗ ಕೂಡಸೂದು ಅನ್ನೂದು ಬಾಯಿಂದ ಬಾಯಿಗೆ ಬಂದೈತಿ. ಧಾಟಿ ಅವರದು, ಮಾತು ನಮ್ಮದು, ಉಸಿರು ತಗೊಳೂ ಜಾಗಾ ಒಮ್ಮೊಮ್ಮೆ ಶಬ್ದದ ನಡುವ ಬಂದು ಬೀಳತೈತಿ. ಒಂದು ಹಾಡಿನಾಗ ನಾವು "ಕರು" ಅಂತ ಉಸಿರು ತಗೊಂಡು "ಣೆ" ಅಂತಿದ್ವಿ, ಮುಂದ ಕುಂತ ಹುಡುಗ್ರು ಪ್ರತೀ ಸಲ ಕಿಸಕ್ ಅಂತ ನಗ್ತಿದ್ವು. ನನಗ ಯಾಕಂತ ತಿಳೀಲೇ ಇಲ್ಲ. ಅಕ್ಕಾರು "ದೇವರ ಮುಂದ ಆಕಳ ಕರು ನಿಲ್ಲಿಸಾಕತ್ತೀರಲ್ಲೋ" ಅಂತ ಬೈದು, ಪೆನ್ಸಿಲ್ ತಗೊಂಡು ಎಲ್ಲಾರ ಪುಸ್ತಕದಾಗ ಉಸಿರಿನ ಗೆರಿ ಹಾಕಿ ಕೊಟ್ರು.

2020ರ ಲಾಕ್‌ಡೌನ್‌ನಾಗ ಚರ್ಚ್ ಬಂದ್. ವಿಡಿಯೋ ಕಾಲ್‌ನಾಗ ಕೂಡಿ ಹಾಡಾಕ ಹೋಗಿ ಒಬ್ಬರ ಹಿಂದ ಒಬ್ಬರು ಓಡಿದಂಗಾತು, ಬಿಟ್ವಿ. ಒಂದೊಂದು ಪಾರ್ಟ್ ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಹಾಕಿದೆ, ಮಂದಿ ಅಡಗಿ ಮಾಡ್ಕೋತ ಕೇಳಿ ಕಲತ್ರು. ಅದನ್ನ ಕೇಳಿ ಅವರ ಮನ್ಯಾಗಿನವರೂ ಬರಾಕತ್ತಿದ್ರು, ಈಗ ಇಪ್ಪತ್ತೆರಡು ಮಂದಿ ಅದೀವಿ.

ಆಲ್ಟೋ ಕಥಿ ಮಾತ್ರ ಇನ್ನೂ ಹಂಗ ಐತ್ರಿ. ಸೊಪ್ರಾನೋ ಪಕ್ಕ ನಿಲ್ಲಿಸಿದ್ರ ಜಾರಿ ಅಲ್ಲೇ ಹೋಗ್ತಾರ, ದೂರ ನಿಲ್ಲಿಸಿದ್ರ ಹೆದರಿ ಸುಮ್ನಾಗ್ತಾರ. ಈ ಶನಿವಾರ ಬೇಸ್ ಮಗ್ಗಲಕ್ಕ ನಿಲ್ಲಿಸಿ ನೋಡವ್ರದೀವಿ.