ಹಿಸ್ಟೋಗ್ರಾಮ್ ನೋಡಿ ಮದುವೆ ಆಲ್ಬಮ್: ನನ್ನ ಅನುಭವ

ಈ ಸೀಸನ್ನಿನಲ್ಲಿ ನಮ್ಮ ಸ್ಟುಡಿಯೋದ ಒಂದು ಆಲ್ಬಮ್ಮನ್ನೂ ಎರಡನೇ ಸಲ ಪ್ರಿಂಟ್ ಹಾಕಿಸಬೇಕಾಗಿ ಬರಲಿಲ್ಲ. ಕಾರಣ ಹಿಸ್ಟೋಗ್ರಾಮ್: ಫೋಟೋದಲ್ಲಿ ಎಡಗೋಡೆಯ ಕಪ್ಪಿನಿಂದ ಬಲಗೋಡೆಯ ಬಿಳಿಯವರೆಗೆ ಯಾವ ಬೆಳಕು ಎಷ್ಟಿದೆ ಎಂದು ಗುಡ್ಡದಂತೆ ತೋರಿಸುವ ಗ್ರಾಫ್. "ಗ್ರಾಫ್ ನೋಡ್ಕೊಂಡು ಯಾರಾದ್ರೂ ಕಲರ್ ಮಾಡ್ತಾರಾ ಸಾರ್, ಕಣ್ಣು ಸಾಲದಾ?" ಎನ್ನುತ್ತಿದ್ದ ಗೆಳೆಯರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಲೈಟ್‌ರೂಮ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರ್ ನಿಮಗೆಲ್ಲ ಗೊತ್ತು, ಅದರ ಸ್ಲೈಡರ್‌ಗಳ ಪರಿಚಯಕ್ಕೆ ಹೋಗುವುದಿಲ್ಲ.

ಮೊದಲು ದುಡ್ಡಿನ ವಿಷಯ. ಹಿಂದೆಲ್ಲ ಧಾರೆಯ ಫೋಟೋಗಳು ಪ್ರಿಂಟಾಗಿ ಬಂದರೆ ಮುಖ ಕಪ್ಪು, ಮದುಮಗಳ ಕೆಂಪು ರೇಷ್ಮೆ ಸೀರೆ ಬಣ್ಣ ಬಳಿದ ಗೋಡೆಯಂತೆ ಚಪ್ಪಟೆ. ನೆರಿಗೆಯೂ ಕಾಣದು, ಬುಟ್ಟಾಗಳ ನಡುವಿನ ನೇಯ್ಗೆಯೂ ಕಾಣದು. ಒಂದು ಆಲ್ಬಮ್ ಮತ್ತೆ ಹಾಕಿಸಲು 12-13 ಸಾವಿರ. ಒಂದು ವರ್ಷವಂತೂ ಲಕ್ಷದ ಹತ್ತಿರ ಹೋಯಿತು. ಮಾನಿಟರ್ ಬದಲಿಸಿ ಎಂದರು. 28 ಸಾವಿರವೋ ಏನೋ ಕೊಟ್ಟು ಬದಲಿಸಿದೆ, ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗಿಳಿಸಿದೆ. ಮುಖ ಸರಿಹೋಯಿತು, ಸೀರೆ ಹಾಗೇ ಉಳಿಯಿತು.

ಫೋಟೋದ ಬಣ್ಣವೆಲ್ಲ ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳ ಬೆರಕೆ. ಸೀರೆಯ ರೋಗ ಇದ್ದದ್ದು ಕೆಂಪು ಚಾನೆಲ್‌ನಲ್ಲಿ. ಒಟ್ಟು ಬೆಳಕಿನ ಗುಡ್ಡ ನಡುವಿನಲ್ಲಿ ಆರಾಮಾಗಿ ಕೂತಿರುತ್ತದೆ, ಕೆಂಪು ಮಾತ್ರ ಬಲಗೋಡೆಗೆ ಒತ್ತಿಕೊಂಡಿರುತ್ತದೆ. ಮಂಟಪದ ಹಳದಿ ಲೈಟಿನಲ್ಲಿ ಅದು ಇನ್ನೂ ಬೇಗ ಗೋಡೆ ಮುಟ್ಟುತ್ತದೆ. ಗ್ರಾಫಿನ ಬಲ ಮೂಲೆಯ ತ್ರಿಕೋನ ಕೆಂಪಾಗಿ ಹೊತ್ತಿತೆಂದರೆ ಕೆಂಪು ಕತ್ತರಿಸಿದೆ, ಅಂದರೆ ಮಿತಿ ಮೀರಿ ಅದರ ವಿವರ ಅಳಿಸಿಹೋಗಿದೆ. ಬಿಳಿ ಹೊತ್ತಿದರೆ ಮೂರೂ ಹೋಗಿವೆ.

ಆದರೆ ತ್ರಿಕೋನ ಹೊತ್ತದಿದ್ದರೂ ಸೀರೆ ಹಾಳಾಗುತ್ತಿತ್ತು! ಲೈಟ್‌ರೂಮ್ ಮಾಮೂಲಾಗಿ ತೋರಿಸುವ ಗ್ರಾಫ್ ಅದರದೇ ವಿಶಾಲ ಕಲರ್ ಸ್ಪೇಸಿನದು (ಹಿಡಿಸಬಲ್ಲ ಬಣ್ಣಗಳ ವ್ಯಾಪ್ತಿ). ಎಸ್‌ಆರ್‌ಜಿಬಿ ಎಂಬ ಚಿಕ್ಕ ಸ್ಪೇಸಿನಲ್ಲಿ ಜೆಪೆಗ್ ಮಾಡಿದಾಗ ಅದೇ ಕೆಂಪು ಹಿಡಿಸುವುದಿಲ್ಲ. ಈಗ ಎಸ್ ಒತ್ತಿ ಕೊನೆಯ ಫೈಲಿನ ಬಣ್ಣ ಮೊದಲೇ ತೋರಿಸುವ ಸಾಫ್ಟ್ ಪ್ರೂಫಿಂಗ್ ಆನ್ ಮಾಡಿ, ಪ್ರೊಫೈಲ್ ಎಸ್‌ಆರ್‌ಜಿಬಿ ಇಟ್ಟೇ ಗ್ರಾಫ್ ಓದುತ್ತೇನೆ. ಗ್ರಾಫಿನ ಕೆಳಗೆ ಶೇಕಡಾ ಹೋಗಿ 0-255ರ ಲೆಕ್ಕ ಬರುತ್ತದೆ, 255 ಎಂದರೆ ಬಲಗೋಡೆ. ಸೀರೆಯ ಮೇಲೆ ಕರ್ಸರ್ ಇಟ್ಟಾಗ ಕೆಂಪು 240ರ ಆಸುಪಾಸು, ಮದುಮಗನ ಪಂಚೆಯಲ್ಲಿ ಮೂರೂ 235-245, ನಮ್ಮ ಕಡೆಯ ಮೈಬಣ್ಣಕ್ಕೆ ಕೆಂಪು ಸುಮಾರು 180-200, ಅದರ ಕೆಳಗೆ ಹಸಿರು, ಕೊನೆಗೆ ನೀಲಿ ಬರುವಂತೆ ನೋಡಿಕೊಳ್ಳುತ್ತೇನೆ. ಸ್ಯಾಚುರೇಷನ್ (ಬಣ್ಣದ ಗಾಢತೆ) ಒಂದನ್ನೇ ಇಳಿಸಿದರೆ ಸೀರೆ ಸತ್ತುಹೋಗುತ್ತದೆ. ಕೆಂಪಿನ ಲ್ಯುಮಿನೆನ್ಸ್ (ಬಣ್ಣದ ಬೆಳಕು) ಜೊತೆ ಇನ್ನೊಂದು ಸ್ಲೈಡರ್ ಮುಟ್ಟುತ್ತೇನೆ, ಅದು ಯಾವುದೆಂದು ಇಲ್ಲಿ ಹೇಳುವುದಿಲ್ಲ. ಹೊಟ್ಟೆಪಾಡು.

ಅರಿಶಿನ ಶಾಸ್ತ್ರದ ಫೋಟೋಗಳಲ್ಲಿ ನೀಲಿ ಎಡಗೋಡೆಗೆ ಅಂಟಿರುತ್ತದೆ. ಎತ್ತಿ ನೋಡಿದೆ, ಎತ್ತಿದಷ್ಟೂ ಹಳದಿ ಮಾಸಿತು. ಈಗ ಅದನ್ನು ಅಲ್ಲೇ ಬಿಡುತ್ತೇನೆ.

ಇದೇ ಹುಚ್ಚಿನಲ್ಲಿ ಯಕ್ಷಗಾನದ ಹಳೇ ರಾ (ಕ್ಯಾಮೆರಾ ಕೊಡುವ ಕಚ್ಚಾ) ಫೈಲುಗಳನ್ನೂ ತೆಗೆದೆ. ರಾತ್ರಿಯಾಟದ ಗ್ರಾಫ್ ಎಡಕ್ಕೆ ದೊಡ್ಡ ಗುಡ್ಡ, ಬಲಕ್ಕೆ ಸಣ್ಣ ಗೆರೆ. ಸಾಫ್ಟ್‌ವೇರ್ ತಾನೇ ತಿದ್ದುವ ಆಟೋ ಒತ್ತಿದರೆ ಗುಡ್ಡವನ್ನು ನಡುವಿಗೆ ಎಳೆದು ಕತ್ತಲೆಯಲ್ಲೆಲ್ಲ ನಾಯ್ಸ್ (ಕಾಳುಕಾಳು ಚುಕ್ಕೆ) ಎಬ್ಬಿಸುತ್ತದೆ. ಅಲ್ಲಿ ಗುಡ್ಡ ಎಡಕ್ಕಿರುವುದೇ ಸರಿ. ನೋಡಬೇಕಾದ್ದು ಆ ಸಣ್ಣ ಗೆರೆಯನ್ನು. ಮುಖವರ್ಣಿಕೆ, ಕಿರೀಟದ ಹೊಳಪು ಎಲ್ಲ ಇರುವುದು ಅದರಲ್ಲಿ. ಫೋಟೋಶಾಪ್‌ಗೆ ಒಯ್ಯುವಾಗ 16 ಬಿಟ್ ಇರಲಿ, ಅದರಲ್ಲಿ ಛಾಯೆಗಳ ಮೆಟ್ಟಿಲು ಹೆಚ್ಚು. 8 ಬಿಟ್‌ನಲ್ಲಿ ಬೆಳಕು ತಿದ್ದುವ ಲೆವೆಲ್ಸ್ ಎಳೆದೊಡನೆ ಗ್ರಾಫಿನಲ್ಲಿ ಸಂದು ಬೀಳುತ್ತವೆ, ರಂಗದ ಹಿಂದಿನ ನೆರಳು ಪಟ್ಟೆಪಟ್ಟೆಯಾಗುತ್ತದೆ.

ಕ್ಯಾಮೆರಾದಲ್ಲೂ ಈಗ ಮೂರೂ ಬಣ್ಣ ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಇಟ್ಟಿದ್ದೇವೆ. ರಾ ತೆಗೆದರೂ ಅದು ತೋರಿಸುವುದು ಜೆಪೆಗ್‌ನ ಗ್ರಾಫ್, ಹಾಗಾಗಿ ಪಿಕ್ಚರ್ ಸ್ಟೈಲ್ (ಜೆಪೆಗ್‌ಗೆ ಕ್ಯಾಮೆರಾ ಹಚ್ಚುವ ಬಣ್ಣದ ಶೈಲಿ) ನ್ಯೂಟ್ರಲ್. ಮುಹೂರ್ತಕ್ಕೆ ಮೊದಲು ನಮ್ಮ ಹುಡುಗನಿಗೆ ಹೇಳುವುದು ಇಷ್ಟೇ: ಕೆಂಪು ಗೋಡೆಗೆ ತಾಗಿದರೆ ಬೆಳಕನ್ನು ಮೂರನೇ ಒಂದು ಸ್ಟಾಪ್ ಇಳಿಸು, ನನ್ನನ್ನು ಕೇಳಲು ಬರಬೇಡ.