ಗೊಂಬೆ ನಡೆಯಬೇಕು, ನಡುಗಬಾರದು

ಸ್ಟಾಪ್ ಮೋಷನ್ ಅಂದರೆ ಗೊಂಬೆಯನ್ನು ಒಂಚೂರು ಸರಿಸಿ ಫೋಟೊ ತೆಗೆಯುವುದು, ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ಆ ಫೋಟೊಗಳನ್ನು ಸಾಲಾಗಿ ಓಡಿಸಿದರೆ ಗೊಂಬೆ ತಾನೇ ಚಲಿಸಿದಂತೆ ಕಾಣುತ್ತದೆ. ಇಷ್ಟೇ ಅಲ್ವಾ ಎಂದು ಶುರು ಮಾಡಿದವರ ಗೊಂಬೆಗಳು ಚಳಿಜ್ವರ ಬಂದಂತೆ ನಡುಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಮೊದಲು ಗೊಂಬೆ. ಅಲ್ಯೂಮಿನಿಯಂ ತಂತಿಯನ್ನು ಎರಡೆಳೆ ಹೊಸೆದು ಮೈಕಟ್ಟು ಮಾಡಿ, ಮೇಲೆ ಕ್ಲೇ ಮೆತ್ತಿ. ಎಣ್ಣೆ ಬೆರೆತ, ಒಣಗದ ಕ್ಲೇ ಆಗಬೇಕು. ನೀರಿನದು ದೀಪದ ಬಿಸಿಗೆ ಬಿರುಕು ಬಿಡುತ್ತದೆ. ತೀರಾ ಮೆತ್ತಗಿನದೂ ಬೇಡ, ಮುಟ್ಟಿದಲ್ಲೆಲ್ಲ ಬೆರಳಚ್ಚು ಕೂರುತ್ತದೆ. ತಲೆಯೊಳಗೆ ಥರ್ಮಾಕೋಲ್ ಉಂಡೆ ಇಡಿ, ಇಲ್ಲದಿದ್ದರೆ ಭಾರಕ್ಕೆ ಕತ್ತು ಬಾಗುತ್ತದೆ. ಪಾದದಲ್ಲಿ ನಟ್ಟು ಕೂರಿಸಿ ಮೇಜಿನ ಅಡಿಯಿಂದ ಸ್ಕ್ರೂ ಬಿಗಿಯಿರಿ. ಮೈಗೆ ತುಪ್ಪಳ ಅಂಟಿಸಲೇಬೇಡಿ. 1933ರ ‘ಕಿಂಗ್ ಕಾಂಗ್’ನಲ್ಲಿ ಗೊರಿಲ್ಲಾದ ಕೂದಲು ಅಲುಗುವುದು ಗಾಳಿಗಲ್ಲ, ಗೊಂಬೆ ಸರಿಸಿದವರ ಬೆರಳು ತಾಗಿ.

ಟ್ರೈಪಾಡ್ ಕಾಲನ್ನು ನೆಲಕ್ಕೆ ಟೇಪ್ ಹಾಕಿ. ಕಿಟಕಿ ಮುಚ್ಚಿ. ಫೋಕಸ್, ಎಕ್ಸ್‌ಪೋಷರ್ (ಒಳಬರುವ ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಯಾವುದೂ ಆಟೋದಲ್ಲಿ ಇರಬಾರದು. ಬಿಳಿ ಅಂಗಿ ಹಾಕಬೇಡಿ, ಅದರ ಬೆಳಕು ಗೊಂಬೆಯ ಮೇಲೆ ಬೀಳುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದೊಂದು ಫೋಟೊವನ್ನು ಎರಡು ಫ್ರೇಮ್ ನಿಲ್ಲಿಸಿದರೆ 12 ಫೋಟೊ ಸಾಕು. ಗೊಂಬೆ ಒಂದು ಸೆಕೆಂಡಿನಲ್ಲಿ ಕೈ ಎತ್ತಬೇಕು ಎಂದುಕೊಳ್ಳಿ. ಹೆಚ್ಚಿನವರು ದೂರವನ್ನು 12 ಸಮಭಾಗ ಮಾಡುತ್ತಾರೆ. ಕೈ ರೈಲ್ವೆ ಗೇಟಿನಂತೆ ಏಳುತ್ತದೆ! ಮೊದಲ ಎರಡು ಫೋಟೊದಲ್ಲಿ ಕೈಯನ್ನು ತುಸು ಕೆಳಗಿಳಿಸಿ. ಜಿಗಿಯುವ ಮುಂಚೆ ನಾವೂ ಮಂಡಿ ಬಗ್ಗಿಸುತ್ತೇವಲ್ಲ, ಹಾಗೆ. ಮೂರು, ನಾಲ್ಕರಲ್ಲಿ ಕೂದಲೆಳೆಯಷ್ಟು ಮೇಲೆ. ಐದರಿಂದ ಎಂಟರವರೆಗೆ ಧೈರ್ಯವಾಗಿ ದೊಡ್ಡ ಹೆಜ್ಜೆ. ಆಮೇಲೆ ಕಡಿಮೆ ಮಾಡುತ್ತ ಬನ್ನಿ, ಕೊನೆಯದು ಸರಿದದ್ದೇ ಗೊತ್ತಾಗಬಾರದು. ಮೊಣಕೈ ಮೊದಲು ಏಳಲಿ, ಮಣಿಕಟ್ಟು ಜೋತುಕೊಂಡು ಹಿಂದೆ ಬರಲಿ, ಬೆರಳು ಎಲ್ಲಕ್ಕಿಂತ ಕೊನೆಗೆ.

ಎಷ್ಟು ಸರಿಸಿದೆವು ಎಂದು ತಿಳಿಯಲು ಕ್ಲೇ ಉಂಡೆಗೆ ಸೂಜಿ ಚುಚ್ಚಿ, ಅದರ ಮೊನೆಯನ್ನು ಗೊಂಬೆಯ ಬೆರಳ ತುದಿಯ ಪಕ್ಕ ನಿಲ್ಲಿಸಿ. ಆಮೇಲೆ ಕೈ ಸರಿಸಿದರೆ ನಡುವಿನ ಸಂದು ಕಣ್ಣಿಗೆ ಕಾಣುತ್ತದೆ. ಫೋಟೊಗೆ ಮುಂಚೆ ಸೂಜಿ ತೆಗೆಯಿರಿ. ನಾನು ಒಮ್ಮೆ ಮರೆತು, ಇಡೀ ಒಂದು ಸಂಜೆಯ ಕೆಲಸದಲ್ಲಿ ಸೂಜಿಯೇ ನಾಯಕನಾಗಿತ್ತು. ಹಿಂದಿನ ಫೋಟೊವನ್ನು ತೆಳುವಾಗಿ ತೋರಿಸುವ ಆ್ಯಪ್ ಇದ್ದರೆ ಒಳ್ಳೆಯದು. ನಡುವಿನ ಚಿತ್ರಗಳನ್ನು ತಾನೇ ಹುಟ್ಟಿಸುವ ಆ್ಯಪ್ ಮಾತ್ರ ಬೇಡ, ಬೆರಳುಗಳನ್ನೆಲ್ಲ ಕಲಸಿ ಮುದ್ದೆ ಮಾಡುತ್ತದೆ.

ಎಂಬತ್ತನೇ ಫೋಟೊದಲ್ಲಿ ಮೊಣಕೈ ತಾಗಿ ಮೇಜು ಅಲುಗಿತೇ? ಮೊದಲಿದ್ದಂತೆ ಇಡಲು ಹೆಣಗಬೇಡಿ, ಆಗುವುದಿಲ್ಲ. ಆ ಶಾಟ್ ಅಲ್ಲಿಗೇ ಮುಗಿಸಿ, ಕ್ಯಾಮೆರಾ ಎತ್ತಿ ಗೊಂಬೆಯ ಮುಖದ ಹತ್ತಿರ ಇಡಿ. ಮುಂದಿನ ಶಾಟ್ ಅಲ್ಲಿಂದ.